‘ಹತ್ತು’ ಎಂದರೆ ಎಷ್ಟೆತ್ತರ, ಎಷ್ಟು ಭಾರ?

ಮದುವೆ ಮಾತುಕತೆಯಲ್ಲಿ ‘ಲಕ್ಷ’ ಎಂಬ ಪದವನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ‘ಅವರು ಹತ್ತು ಅಂದ್ರು, ನಾವು ಏಳಕ್ಕೆ ನಿಂತ್ವಿ, ಕೊನೆಗೆ ಎಂಟಕ್ಕೆ ಮುಗೀತು.’ ಇಷ್ಟೇ. ಎಂಟು ಏನು? ತೆಂಗಿನಕಾಯಿಯೆ, ಕುಪ್ಪಸದ ಕಣವೆ, ಬಾಳೆಗೊನೆಯೆ? ಹೇಳುವವರಿಗೂ ಕೇಳುವವರಿಗೂ ಗೊತ್ತು, ಆದರೂ ಆ ಪದ ನಾಲಿಗೆಗೆ ಬರುವುದಿಲ್ಲ. ನಾಚಿಕೆಯಿಂದ ಹೀಗೆ ಎಂದು ತಿಳಿಯಬೇಡಿ. ನಾಚಿಕೆ ಇದ್ದಿದ್ದರೆ ಅಂಕಿಯೂ ಬರುತ್ತಿರಲಿಲ್ಲ. ಲಕ್ಷ ಎಂದೊಡನೆ ಅದಕ್ಕೊಂದು ಆಕಾರ ಬರುತ್ತದೆ, ಭಾರ ಬರುತ್ತದೆ, ಅದನ್ನು ಎಲ್ಲಿಂದಲೋ ಯಾರೋ ಹೊತ್ತು ತರಬೇಕೆಂಬ ನೆನಪು ಬರುತ್ತದೆ. ಬರಿಯ ‘ಹತ್ತು’ ಎಂದರೆ ಅದು ಎಲೆಯ ತುದಿಗೆ ಬಡಿಸಿದ ಉಪ್ಪಿನಕಾಯಿಯಷ್ಟೇ ಹಗುರ.

ಮುಂಬಯಿಯ ಭೂಗತ ಲೋಕದವರು ಲಕ್ಷಕ್ಕೆ ‘ಪೇಟಿ’ ಎಂದೂ ಕೋಟಿಗೆ ‘ಖೋಖಾ’ ಎಂದೂ ಹೇಳುತ್ತಾರೆ. ಎರಡೂ ಪೆಟ್ಟಿಗೆಯ ಹೆಸರುಗಳೇ. ಸುಲಿಗೆ ಮಾಡುವವನಿಗೂ ತಾನು ಕೇಳುತ್ತಿರುವ ಹಣಕ್ಕೆ ಒಂದು ಗಾತ್ರವಿದೆ ಎಂಬ ಪರಿಜ್ಞಾನ ಉಂಟು. ನಮ್ಮ ಬೀಗರಿಗೆ ಅದೂ ಇಲ್ಲ.

ಆದ್ದರಿಂದ ಗೆಳತಿಯರೇ, ಒಮ್ಮೆ ಅಳೆದೇ ನೋಡೋಣ. ಈಗ ಚಲಾವಣೆಯಲ್ಲಿರುವ ಐನೂರರ ನೋಟು 15 ಸೆಂಟಿಮೀಟರ್ ಉದ್ದ, 6.6 ಸೆಂಟಿಮೀಟರ್ ಅಗಲ. ದಪ್ಪ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು, ತೂಕ ಹೆಚ್ಚುಕಡಿಮೆ ಒಂದು ಗ್ರಾಂ. ನೂರು ನೋಟು ಸೇರಿದರೆ ಒಂದು ಕಟ್ಟು, ಅಂದರೆ ಐವತ್ತು ಸಾವಿರ. ಹತ್ತು ಲಕ್ಷಕ್ಕೆ ಇಪ್ಪತ್ತು ಕಟ್ಟು. ಒಂದರ ಮೇಲೊಂದು ಪೇರಿಸಿದರೆ ಹೊಸ ನೋಟಾದರೆ ಸುಮಾರು 20 ಸೆಂಟಿಮೀಟರ್ ಎತ್ತರ. ನಮ್ಮ ಲೆಕ್ಕದಲ್ಲಿ ಒಂದು ಗೇಣು. ಮನುಷ್ಯನ ಹೊಟ್ಟೆಯೂ ಗೇಣುದ್ದವೇ ಎಂದು ಹಿರಿಯರು ಹೇಳುತ್ತಿದ್ದರು. ತೂಕ ಎರಡು ಕಿಲೋ. ತರಕಾರಿ ಚೀಲದ ತಳದಲ್ಲಿಟ್ಟು ಮೇಲೆ ನಾಲ್ಕು ಸೌತೆಕಾಯಿ ಹಾಕಿದರೆ ಯಾರಿಗೂ ಕಾಣಿಸದು.

ಒಂದು ಕೋಟಿ ಎಂದರೆ ಇಪ್ಪತ್ತು ಸಾವಿರ ನೋಟು. ಪೇರಿಸಿದರೆ ಎರಡು ಮೀಟರ್, ಆಳೆತ್ತರವನ್ನೂ ಮೀರಿದ್ದು. ಬೆಂಗಳೂರಿನ ಮನೆಗಳಿಗೆ ಬರುವ 20 ಲೀಟರಿನ ನೀರಿನ ಕ್ಯಾನು ಹಿಡಿಯುವಷ್ಟು ಜಾಗ ಅದಕ್ಕೆ ಬೇಕು, ತೂಕವೂ ಆ ಕ್ಯಾನಿನಷ್ಟೇ. ಎಂಬತ್ತು ಲಕ್ಷ ಎಂದರೆ ಐದಡಿ ಮೂರಂಗುಲ. ಓದಿದ ಹುಡುಗ, ವಿದೇಶದ ಕೆಲಸ, ಎಂಬತ್ತಕ್ಕೆ ಕಡಿಮೆ ಮಾತಿಲ್ಲ ಎನ್ನುವ ಮನೆಗೆ ಹೋಗುವ ಹುಡುಗಿಯ ಪಕ್ಕದಲ್ಲಿ ಆ ಕಂಬವನ್ನು ನಿಲ್ಲಿಸಿದರೆ ಇಬ್ಬರ ಎತ್ತರವೂ ಒಂದೇ. ನಮ್ಮ ದೇವಸ್ಥಾನಗಳಲ್ಲಿ ತುಲಾಭಾರ ಮಾಡಿಸುತ್ತಾರಲ್ಲ, ಹಾಗೆ ಐವತ್ತು ಕಿಲೋ ತೂಕದ ಹುಡುಗಿಯನ್ನು ನೂರರ ನೋಟಿನಲ್ಲಿ ತೂಗಿದರೆ ಸುಮಾರು ಐವತ್ತು ಲಕ್ಷವಾಗುತ್ತದೆ. ಮಾತುಕತೆ ಆಡುವವರು ಹುಡುಗಿಯನ್ನು ತೂಗುವುದಿಲ್ಲ ಎಂದು ಯಾರು ಹೇಳಿದರು? ತೂಗುತ್ತಾರೆ. ಇನ್ನೊಂದು ತಟ್ಟೆಯಲ್ಲಿ ಹುಡುಗನನ್ನು ಕೂರಿಸುವುದಿಲ್ಲ, ಅಷ್ಟೇ.

ಇನ್ನು ನೆಲಕ್ಕೆ ಹಾಸಿ ನೋಡುವುದಾದರೆ, ಐವತ್ತು ಲಕ್ಷದ ಐನೂರರ ನೋಟುಗಳು ಒಂದು ಸಾವಿರ ಚದರ ಅಡಿಗೂ ಹೆಚ್ಚು ಜಾಗವನ್ನು ಮುಚ್ಚುತ್ತವೆ. ಮೂವತ್ತು ನಲವತ್ತರ ಒಂದು ಸೈಟು ಹತ್ತಿರ ಹತ್ತಿರ ತುಂಬಿತು. ಹತ್ತು ಲಕ್ಷವನ್ನು ಹತ್ತರ ನೋಟಿನಲ್ಲಿ ಹಾಸಿದರೆ ಅಂಥ ಏಳು ಸೈಟು ಬೇಕು. ಮೊತ್ತ ಐದರಲ್ಲಿ ಒಂದು ಪಾಲು, ಜಾಗ ಏಳು ಪಾಲು! ಇದೇನು ಮಕ್ಕಳಾಟದ ಲೆಕ್ಕ ಎನ್ನಬೇಡಿ. ವರದಕ್ಷಿಣೆಯ ಗುಟ್ಟು ಇರುವುದೇ ಇಲ್ಲಿ.

ನಾನು ಮೂವತ್ತು ವರ್ಷ ಅರ್ಥಶಾಸ್ತ್ರ ಪಾಠ ಹೇಳಿದವಳು. ಎರಡು ಸಾವಿರದ ನೋಟು ಹುಟ್ಟುವ ಮುಂಚೆ ಒಮ್ಮೆ ಬಿ.ಎ. ಕೊನೆಯ ವರ್ಷದ ತರಗತಿಯಲ್ಲಿ ಹಣದ ಚಲಾವಣೆಯ ಪಾಠ ನಡೆದಿತ್ತು. ರಾಷ್ಟ್ರೀಯ ಆದಾಯವನ್ನು ಲಕ್ಷ ಕೋಟಿಗಳಲ್ಲಿ ಪಟಪಟನೆ ಒಪ್ಪಿಸುವ ಮಕ್ಕಳು. ‘ಐನೂರರ ನೋಟಿನಲ್ಲಿ ಹತ್ತು ಲಕ್ಷಕ್ಕೆ ಎಷ್ಟು ಕಟ್ಟು?’ ಎಂದು ಕೇಳಿದೆ. ಎಲ್ಲರೂ ಪೆನ್ನು ತೆಗೆದು ಸೊನ್ನೆಗಳನ್ನು ಹೊಡೆಯತೊಡಗಿದರು. ಹಿಂದಿನ ಬೆಂಚಿನಲ್ಲಿ ಎಂದೂ ಬಾಯಿ ತೆರೆಯದ ಒಬ್ಬಳು ‘ಇಪ್ಪತ್ತು, ಮೇಡಂ’ ಎಂದಳು. ಅಷ್ಟು ಬೇಗ ಹೇಗೆ ಹೇಳಿದೆಯಮ್ಮಾ ಎಂದರೆ, ‘ಅಕ್ಕನ ಮದುವೆಗೆ ಮುಂಚೆ ನಾನೂ ಅಮ್ಮನೂ ಕೂತು ಎಣಿಸಿದ್ವಿ. ಐನೂರರದು ಸಾಲಲಿಲ್ಲ. ಹದಿನಾಲ್ಕು ಕಟ್ಟು ಐನೂರರದು, ಮೂವತ್ತು ಕಟ್ಟು ನೂರರದು ಆಯ್ತು. ಗಂಡಿನೋರು ನೂರರ ಕಟ್ಟು ನೋಡಿ, ಏನು ಚಿಲ್ಲರೆ ತಂದಿದೀರಾ ಅಂದ್ರು’ ಎಂದಳು.

ಮೂರು ಲಕ್ಷ ರೂಪಾಯಿ ಚಿಲ್ಲರೆ! ತರಗತಿಯಲ್ಲಿ ಯಾರೂ ನಗಲಿಲ್ಲ. ಹಣದ ಬಗ್ಗೆ ನಾನು ಪುಸ್ತಕದಿಂದ ಹೇಳಿಕೊಟ್ಟದ್ದಕ್ಕಿಂತ ಹೆಚ್ಚನ್ನು ಆ ಹುಡುಗಿ ಎರಡು ವಾಕ್ಯದಲ್ಲಿ ಹೇಳಿದ್ದಳು. ಕೊಡುವವರ ಹತ್ತು ಲಕ್ಷವೂ ತೆಗೆದುಕೊಳ್ಳುವವರ ಹತ್ತು ಲಕ್ಷವೂ ಒಂದೇ ಗಾತ್ರದ್ದಲ್ಲ. ಕೊಡುವ ಮನೆಗೆ ಆ ಹಣ ಬರುವುದು ಹಾಲಿನ ಡೈರಿಯ ಬಟವಾಡೆಯಾಗಿ, ಹೂ ಕಟ್ಟಿದ ಮೊಳದ ಲೆಕ್ಕದಲ್ಲಿ, ಸ್ವಸಹಾಯ ಸಂಘದ ವಾರದ ಕಂತಾಗಿ, ಮಾರಿದ ಹಸುವಾಗಿ, ಒತ್ತೆಯಿಟ್ಟ ಓಲೆಯಾಗಿ. ಹತ್ತು, ಇಪ್ಪತ್ತು, ಐವತ್ತರ ನೋಟುಗಳು. ಮಡಿಸಿದ್ದು, ಬೆವರು ಹತ್ತಿದ್ದು, ಸೀರೆಯ ಸೆರಗಿನಲ್ಲಿ ಗಂಟು ಹಾಕಿದ್ದು. ಅದನ್ನೆಲ್ಲ ಬ್ಯಾಂಕಿಗೋ ಸಾಹುಕಾರನಿಗೋ ಕೊಟ್ಟು ದೊಡ್ಡ ನೋಟು ಮಾಡಿಸುತ್ತಾರೆ. ಏಳು ಸೈಟು ತುಂಬುವ ಬೆವರು ಒಂದು ಗೇಣಿಗೆ ಇಳಿಯುತ್ತದೆ. ತೆಗೆದುಕೊಳ್ಳುವವನು ನೋಡುವುದು ಆ ಗೇಣನ್ನು ಮಾತ್ರ. ‘ಏನು ಮಹಾ ಕೊಟ್ಟಿದ್ದಾರೆ’ ಎಂದು ಮುಂದೆ ಆರು ತಿಂಗಳಿಗೆ ಅವನ ತಾಯಿ ಕೇಳುವುದಕ್ಕೆ ಇದೂ ಒಂದು ಕಾರಣ. ಆ ಮನೆಯ ಕಪಾಟಿನಲ್ಲಿ ಅದು ನಿಜಕ್ಕೂ ಚಿಕ್ಕದಾಗಿಯೇ ಕಂಡಿರುತ್ತದೆ.

ದುಡಿಮೆಯ ಲೆಕ್ಕದಲ್ಲಿ ಅಳೆಯುವುದಾದರೂ ಅಳೆಯಿರಿ. 2024-25ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 349 ರೂಪಾಯಿ ಇತ್ತು. ಒಬ್ಬ ಹೆಂಗಸು ಒಂದು ದಿನವೂ ರಜೆ ಹಾಕದೆ, ಒಂದು ಕಾಸನ್ನೂ ತಿನ್ನದೆ ಕೂಡಿಟ್ಟರೆ ಹತ್ತು ಲಕ್ಷಕ್ಕೆ 2,865 ದಿನ. ಖಾತರಿ ಇದ್ದದ್ದು ವರ್ಷಕ್ಕೆ ನೂರು ದಿನದ ಕೆಲಸಕ್ಕೆ. ಆ ಲೆಕ್ಕದಲ್ಲಿ ಇಪ್ಪತ್ತೆಂಟು ವರ್ಷಕ್ಕೂ ಮೇಲೆ. ಮಗಳು ಹುಟ್ಟಿದ ದಿನ ಗುದ್ದಲಿ ಹಿಡಿದರೂ ಮದುವೆಯ ಹೊತ್ತಿಗೆ ಮುಗಿಯದು. 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾದಾಗ, ಮನೆಯ ಯಜಮಾನಿಗೆ ತಿಂಗಳಿಗೆ ಎರಡು ಸಾವಿರ ಕೊಟ್ಟರೆ ಸರ್ಕಾರ ದಿವಾಳಿಯಾಗುತ್ತದೆ ಎಂದು ಎಷ್ಟು ಗಂಡಸರು ಹೋಟೆಲಿನಲ್ಲಿ ಕೂತು ಮರುಗಿದರು! ಎರಡು ಸಾವಿರವೆಂದರೆ ಐನೂರರ ನಾಲ್ಕು ನೋಟು. ಹತ್ತು ಲಕ್ಷವೆಂದರೆ ಅಂಥ ಐನೂರು ತಿಂಗಳು, ನಲವತ್ತೊಂದು ವರ್ಷ ಎಂಟು ತಿಂಗಳು. ಬಿಟ್ಟಿ ಭಾಗ್ಯ ಯಾವುದು, ಯಾರದು?

ಹಣ ಹಿಂದೆ ಹೀಗೆ ಮುದುಡಿಕೊಂಡಿರಲಿಲ್ಲ. ನಮ್ಮ ಅಜ್ಜಿಯರ ಕಾಲದ ಬೆಳ್ಳಿ ರೂಪಾಯಿ ಒಂದು ತೊಲ ತೂಗುತ್ತಿತ್ತು, 11.66 ಗ್ರಾಂ. ಸಾವಿರ ರೂಪಾಯಿ ಎಂದರೆ ಹನ್ನೊಂದೂವರೆ ಕಿಲೋಗೂ ಹೆಚ್ಚು. ಅದನ್ನು ತಟ್ಟೆಯಲ್ಲಿ ಸುರಿದರೆ ಬೀದಿಗೆಲ್ಲ ಕೇಳುತ್ತಿತ್ತು. ಮುಚ್ಚಿ ಕೊಡಲು ಆಗುತ್ತಿರಲಿಲ್ಲ. ಇನ್ನೊಂದು ಮಾತು: ಆಗ ನಮ್ಮಲ್ಲಿ ಎಷ್ಟೋ ಸಮುದಾಯಗಳಲ್ಲಿ ಗಂಡಿನ ಕಡೆಯವರೇ ಹೆಣ್ಣಿಗೆ ‘ತೆರ’ ಕೊಡುತ್ತಿದ್ದರು. ಎಂ.ಎನ್. ಶ್ರೀನಿವಾಸರು ಮೈಸೂರು ಸೀಮೆಯ ಮದುವೆಗಳ ಬಗ್ಗೆ 1942ರಲ್ಲೇ ಬರೆದ ಪುಸ್ತಕದಲ್ಲಿ ತೆರದ ವಿವರ ಇದೆ. ತೆರ ಒಳ್ಳೆಯದಾಗಿತ್ತು ಎಂದು ನಾನು ಹೇಳುತ್ತಿಲ್ಲ, ಅದೂ ಹೆಣ್ಣಿಗೆ ಕಟ್ಟಿದ ಬೆಲೆಯೇ. ಆದರೆ ‘ವರದಕ್ಷಿಣೆ ನಮ್ಮ ಸನಾತನ ಪದ್ಧತಿ’ ಎನ್ನುವವರಿಗೆ ಇಷ್ಟು ಹೇಳಲೇಬೇಕು: ನಿಮ್ಮ ಮುತ್ತಜ್ಜ ಕೊಟ್ಟು ತಂದಿರಬಹುದು, ನೀವು ತೆಗೆದುಕೊಂಡು ತರುತ್ತಿದ್ದೀರಿ. ಓದು, ಸಂಬಳ, ಪೇಟೆಯ ನೌಕರಿ ಬಂದ ಮೇಲೆ ಬೆಳೆದ ಪೀಡೆ ಇದು.

1978ರ ಜನವರಿಯಲ್ಲಿ ಸಾವಿರ, ಐದು ಸಾವಿರ, ಹತ್ತು ಸಾವಿರದ ನೋಟುಗಳು ರದ್ದಾದವು. ಅಲ್ಲಿಂದ 1987ರಲ್ಲಿ ಐನೂರರ ನೋಟು ಬರುವವರೆಗೆ ನೂರರದೇ ದೊಡ್ಡ ನೋಟು. ಆಗ ಹತ್ತು ಕಟ್ಟು ಎಂದರೆ ಒಂದು ಲಕ್ಷ. ಐನೂರರದು ಬಂತು, ಅದೇ ಹತ್ತು ಕಟ್ಟು ಐದು ಲಕ್ಷವಾಯಿತು. 2000ದಲ್ಲಿ ಸಾವಿರದ್ದು ಮತ್ತೆ ಬಂತು, ಹತ್ತು ಲಕ್ಷವಾಯಿತು. 2016ರಲ್ಲಿ ಎರಡು ಸಾವಿರದ್ದು ಬಂದಾಗ ಇಪ್ಪತ್ತು ಲಕ್ಷ. ಚೀಲ ಅದೇ, ಕೈ ಅದೇ, ಒಳಗಿನ ಮೊತ್ತ ಇಪ್ಪತ್ತು ಪಟ್ಟು. ಬೆಲೆಗಳೂ ಏರಿದವಲ್ಲ ಎಂದು ನನ್ನ ಹಳೆಯ ಸಹೋದ್ಯೋಗಿಗಳು ಕೇಳುತ್ತಾರೆ. ಏರಿದವು, ನಿಜ. 1980ರ ಲಕ್ಷವೂ ಇಂದಿನ ಲಕ್ಷವೂ ಒಂದಲ್ಲ. ನನ್ನ ಮಾತು ಬೇರೆ. ಮರೆಮಾಚುವ ಕಷ್ಟ ಏರಲಿಲ್ಲ ಎಂಬುದು ನನ್ನ ಮಾತು. ಎರಡು ಸಾವಿರದ ನೋಟನ್ನು 2023ರ ಮೇ ತಿಂಗಳಲ್ಲಿ ಹಿಂತೆಗೆದುಕೊಳ್ಳಲು ಶುರುಮಾಡಿದಾಗ ಚೀಲ ಸ್ವಲ್ಪ ದೊಡ್ಡದಾಗಿರಬಹುದು, ಅಷ್ಟೇ. ಅದೂ ಸಾಲದಿದ್ದರೆ ಚಿನ್ನವಿದೆ. ಅರ್ಧ ಕಿಲೋ ಚಿನ್ನದ ಗಟ್ಟಿ ಒಂದು ಬೆಂಕಿಪೊಟ್ಟಣಕ್ಕಿಂತ ದೊಡ್ಡದಲ್ಲ.

2016ರ ನವೆಂಬರ್ 8ರ ರಾತ್ರಿಯ ಮೇಲಿನ ದಿನಗಳು ಯಾರಿಗೆ ನೆನಪಿಲ್ಲ? ಐನೂರು, ಸಾವಿರದ ನೋಟು ಸತ್ತವು. ಸಾಸಿವೆ ಡಬ್ಬಿಯಲ್ಲಿ, ದೇವರ ಪಟದ ಹಿಂದೆ, ಅಕ್ಕಿ ಡ್ರಮ್ಮಿನ ಅಡಿಯಲ್ಲಿ ಗಂಡನಿಗೆ ಕಾಣದಂತೆ ಇಟ್ಟಿದ್ದ ಹೆಂಗಸರ ಹಣವೆಲ್ಲ ಬಯಲಿಗೆ ಬಂತು. ನಾಲ್ಕು ನೋಟು, ಹತ್ತು ನೋಟು. ‘ಇಷ್ಟು ಬಚ್ಚಿಟ್ಟಿದ್ದೀಯಾ’ ಎಂದು ಹೊಡೆಸಿಕೊಂಡವರೂ ಉಂಟು. ಆದರೆ ಇಪ್ಪತ್ತು ಕಟ್ಟುಗಳ ಮನೆಗಳಲ್ಲಿ ಯಾರನ್ನು ಯಾರು ಹೊಡೆದರು? ರದ್ದಾದ ನೋಟುಗಳಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಪಾಲು ಬ್ಯಾಂಕಿಗೆ ಮರಳಿ ಬಂತೆಂದು ಮುಂದೆ ರಿಸರ್ವ್ ಬ್ಯಾಂಕೇ ಲೆಕ್ಕ ಕೊಟ್ಟಿತು. ದೊಡ್ಡ ಹಣ ದಾರಿ ಹುಡುಕಿಕೊಂಡಿತು. ಆ ತಿಂಗಳು ಮದುವೆ ಇದ್ದವರು ಎರಡೂವರೆ ಲಕ್ಷ ತೆಗೆಯಬಹುದು, ಆದರೆ ಯಾರಿಗೆ ಎಷ್ಟು ಕೊಡುತ್ತೀರೆಂದು ಪಟ್ಟಿ ಕೊಡಬೇಕು ಎಂದು ಅಪ್ಪಣೆಯಾಯಿತು. ಅಡುಗೆಯವರು, ಶಾಮಿಯಾನದವರು, ಹೂವಿನವರು, ಓಲಗದವರು! ಆ ಪಟ್ಟಿಗಳಲ್ಲಿ ‘ವರನ ತಂದೆ’ ಎಂದು ಬರೆದ ಒಂದು ಸಾಲನ್ನು ಯಾರಾದರೂ ತೋರಿಸಿದರೆ ನಾನು ಅವರಿಗೆ ಊಟ ಹಾಕಿಸುತ್ತೇನೆ.

ಚುನಾವಣೆ ಬಂದರೆ ಐವತ್ತು ಸಾವಿರಕ್ಕಿಂತ ಹೆಚ್ಚು ನಗದು ಒಯ್ಯುವವರನ್ನು ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿ ದಾಖಲೆ ಕೇಳುತ್ತಾರೆ. ಒಂದು ಕಟ್ಟಿಗೆ ಅಷ್ಟು ಕಾವಲು! ಮತ ಮಾರಾಟವಾಗಬಾರದು, ಸರಿ. ಛತ್ರದ ಬಾಗಿಲಲ್ಲಿ ಯಾವ ಚೆಕ್‌ಪೋಸ್ಟೂ ಇಲ್ಲ. ಕಾನೂನು ಇಲ್ಲವೆಂದಲ್ಲ. ಒಬ್ಬರಿಂದ ಒಂದು ಸಮಾರಂಭದ ಸಂಬಂಧವಾಗಿ ಎರಡು ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯಬಾರದು, ಪಡೆದವನಿಗೆ ಅಷ್ಟೇ ಮೊತ್ತದ ದಂಡ ಎಂಬ ನಿಯಮ 2017ರ ಏಪ್ರಿಲಿನಲ್ಲೇ ಆದಾಯ ತೆರಿಗೆ ಕಾನೂನಿಗೆ ಸೇರಿತು. ಎರಡು ಲಕ್ಷವೆಂದರೆ ನಾಲ್ಕು ಕಟ್ಟು, ಎರಡು ಬೆರಳಿನ ದಪ್ಪ. ಅಂಗಡಿಯವರು ಆ ನಿಯಮಕ್ಕೆ ಹೆದರುತ್ತಾರೆ. ಬೀಗರು ಹೆದರಿದ್ದನ್ನು ನಾನು ಕಾಣೆ.

ಹಾಗಾದರೆ ಬ್ಯಾಂಕಿನ ಮೂಲಕ ಕೊಟ್ಟರಾಯಿತಲ್ಲ, ಎಲ್ಲ ಫೋನಿನಲ್ಲೇ ಆಗುವ ಕಾಲ ಎನ್ನುವಿರಿ. ಹಾಲಿಗೂ ಸೊಪ್ಪಿಗೂ ಫೋನು ತೋರಿಸುವ ಹುಡುಗನೇ ಈ ಒಂದು ವಿಷಯಕ್ಕೆ ‘ಕ್ಯಾಶ್ ಆದರೆ ಒಳ್ಳೆಯದು ಅಂಕಲ್’ ಎನ್ನುತ್ತಾನೆ. ಏಕೆ? ಖಾತೆಯಿಂದ ಖಾತೆಗೆ ಹೋದ ಹಣಕ್ಕೆ ತಾರೀಖು ಇರುತ್ತದೆ, ಹೆಸರು ಇರುತ್ತದೆ. ಚೀಲಕ್ಕೆ ಎರಡೂ ಇಲ್ಲ. ಅಪರಾಧ ಎಂಬುದು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು.

ಚೀಲಕ್ಕೆ ಇನ್ನೊಂದು ಗುಣವಿದೆ, ಅದು ನಡೆಯುತ್ತದೆ. ನಮ್ಮ ರಾಜ್ಯದಲ್ಲಿ 1994ರ ಜುಲೈ 30ರಿಂದಲೇ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಂತೆಯೇ ಹುಟ್ಟಿನಿಂದ ಪಾಲು ಬಂತು, ಆಗಲೇ ಮದುವೆಯಾಗಿದ್ದವರನ್ನು ಬಿಟ್ಟು. 2005ರಲ್ಲಿ ದೇಶಕ್ಕೆಲ್ಲ ಬಂತು, ಮದುವೆಯಾದವರಿಗೂ ಬಂತು. ಆದರೂ ಅಣ್ಣಂದಿರು ಏನೆನ್ನುತ್ತಾರೆ? ‘ನಿನ್ನ ಮದುವೆಗೆ ಹತ್ತು ಕೊಟ್ಟಿಲ್ಲವೇನಮ್ಮಾ, ಇಲ್ಲೊಂದು ಸೈನ್ ಹಾಕು.’ ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಬೀಳುತ್ತದೆ. ಹತ್ತು ಕೊಟ್ಟದ್ದು ಅವಳಿಗೋ, ಅವಳ ಮಾವನಿಗೋ? ಅವಳು ಆ ಕಟ್ಟುಗಳನ್ನು ಮುಟ್ಟಿಯೂ ಇಲ್ಲ. ಎರಡೆಕರೆ ಜಮೀನನ್ನು ಯಾರೂ ಚೀಲದಲ್ಲಿ ಹಾಕಿಕೊಂಡು ಹೋಗಲಾರರು. ಅವಳ ಹೆಸರಿನ ಪಹಣಿ ಇದ್ದರೆ ಗಂಡ ಹೊರಹಾಕಿದ ದಿನ ನಿಲ್ಲಲು ಒಂದು ನೆಲವಿರುತ್ತದೆ. ಎರಡು ಕಿಲೋ ಕಾಗದ ಹೋದ ದಿನವೇ ಹೋಯಿತು. ತವರಿನವರು ಅಲ್ಲಾಡದ ಆಸ್ತಿಯನ್ನು ಗಂಡುಮಕ್ಕಳಿಗೆ ಇಟ್ಟು, ಅಲ್ಲಾಡುವ ಹಣವನ್ನು ಮಗಳ ಹೆಸರಿನಲ್ಲಿ ಪರರಿಗೆ ಕೊಟ್ಟು, ಎರಡನ್ನೂ ಪ್ರೀತಿ ಎಂದು ಕರೆಯುತ್ತಾರೆ. ಈ ಪ್ರೀತಿಯನ್ನು ನಾವು ಪ್ರಶ್ನಿಸದೆ ಬರಿಯ ಅತ್ತೆ ಮಾವಂದಿರನ್ನು ಬೈಯುತ್ತ ಕೂತರೆ ಚಳವಳಿ ಅರ್ಧಕ್ಕೇ ನಿಲ್ಲುತ್ತದೆ.

ಈಗ ಠಾಣೆಯ ವಿಚಾರ. ದೇಶದಲ್ಲಿ 2022ರ ಒಂದೇ ವರ್ಷದಲ್ಲಿ ಆರು ಸಾವಿರಕ್ಕೂ ಹೆಚ್ಚು ವರದಕ್ಷಿಣೆ ಸಾವಿನ ಪ್ರಕರಣಗಳು ದಾಖಲಾದವು. ಸಾಯದೆ ಉಳಿದು ದೂರು ಕೊಡಲು ಬರುವವರಿಗೆ ಎದುರಾಗುವ ಮೊದಲ ಪ್ರಶ್ನೆ, ‘ಅಷ್ಟೊಂದು ಹಣ ಕೊಟ್ಟದ್ದಕ್ಕೆ ಏನು ಸಾಕ್ಷಿ?’ ಹುಡುಗಿಯ ತಂದೆ ತಲೆ ತಗ್ಗಿಸುತ್ತಾನೆ. 1961ರ ಕಾಯ್ದೆಯಲ್ಲಿ ಕೊಡುವುದೂ ಅಪರಾಧ ಎಂಬುದು ಅವನ ಕಿವಿಗೆ ಬಿದ್ದಿರುತ್ತದೆ. ಆದರೆ ಅದೇ ಕಾಯ್ದೆಯ ಕಲಂ 7ರ ಮೂರನೆಯ ಉಪಕಲಂ, ನೊಂದವರು ಕೊಟ್ಟ ಹೇಳಿಕೆಯ ಆಧಾರದ ಮೇಲೆ ಅವರ ಮೇಲೆಯೇ ಆ ಕಾಯ್ದೆಯಡಿ ಮೊಕದ್ದಮೆ ಹೂಡಬಾರದು ಎನ್ನುತ್ತದೆ. ಕಲಂ 6, ಬೇರೆಯವರ ಕೈಸೇರಿದ ವರದಕ್ಷಿಣೆ ಮೂರು ತಿಂಗಳೊಳಗೆ ಹುಡುಗಿಗೆ ಸೇರಬೇಕು ಎನ್ನುತ್ತದೆ. 1985ರ ನಿಯಮಗಳ ಪ್ರಕಾರ ಉಡುಗೊರೆಗಳ ಪಟ್ಟಿ ಬರೆದು, ಅಂದಾಜು ಬೆಲೆ, ಕೊಟ್ಟವರ ಹೆಸರು, ಅವರ ಸಂಬಂಧ ನಮೂದಿಸಿ ವಧೂವರರಿಬ್ಬರೂ ರುಜು ಹಾಕಬೇಕು. ಮುಯ್ಯಿಯ ನೂರೊಂದು ರೂಪಾಯಿಯನ್ನು ಪುಸ್ತಕದಲ್ಲಿ ಬರೆದುಕೊಳ್ಳುವ ಜನ ಈ ಪಟ್ಟಿಯ ಹೆಸರೆತ್ತಿದರೆ ‘ಅಪಶಕುನ’ ಎನ್ನುತ್ತಾರೆ.

ಪಟ್ಟಿ ಇಲ್ಲ ಎಂದ ಮಾತ್ರಕ್ಕೆ ಸಾಕ್ಷಿ ಇಲ್ಲ ಎಂದಲ್ಲ. ಹಣಕ್ಕೆ ದೇಹವಿದೆ ಎಂದು ಇಷ್ಟುದ್ದ ಹೇಳಿದ್ದು ಇದಕ್ಕಾಗಿ. ‘ಹತ್ತು ಕೊಟ್ಟೆವು’ ಎಂಬ ಹೇಳಿಕೆಯನ್ನು ವಕೀಲರು ಒಂದೇ ಏಟಿಗೆ ಬೀಳಿಸುತ್ತಾರೆ. ಇಪ್ಪತ್ತು ಕಟ್ಟುಗಳನ್ನು ಬೀಳಿಸುವುದು ಅಷ್ಟು ಸುಲಭವಲ್ಲ. ಎರಡು ಸಾವಿರ ನೋಟನ್ನು ಕೈಯಲ್ಲಿ ಎಣಿಸಲು ಅರ್ಧ ಗಂಟೆಯಾದರೂ ಬೇಕು, ಎಣಿಸಿದವರು ಇರುತ್ತಾರೆ. ಬ್ಯಾಂಕಿನಿಂದ ತೆಗೆದಿದ್ದರೆ ಪಾಸ್‌ಬುಕ್ಕಿನಲ್ಲಿ ಸಾಲು ಇರುತ್ತದೆ. ಹಸು ಮಾರಿದ್ದರೆ ಕೊಂಡವನಿರುತ್ತಾನೆ, ಸಂಘದ ಸಾಲವಾದರೆ ನಡಾವಳಿ ಪುಸ್ತಕವಿರುತ್ತದೆ. ‘ಎಲ್ಲ ಸುಳ್ಳು ದೂರು’ ಎಂದು ಬೊಬ್ಬೆ ಹೊಡೆಯುವವರಿಗೂ ನಾವು ಹೆದರಬೇಕಿಲ್ಲ. 2015ರ ಮದುವೆಗೆ ಎರಡು ಸಾವಿರದ ನೋಟು ಕೊಟ್ಟೆವೆಂದು ಯಾರಾದರೂ ಹೇಳಿದರೆ ಅದು ಅಲ್ಲೇ ಬಿದ್ದುಹೋಗುತ್ತದೆ, ಬೀಳಲಿ. ನಿಜ ಹೇಳುವವಳ ಮಾತು ಪ್ರಶ್ನೆ ಕೇಳಿದಷ್ಟೂ ಗಟ್ಟಿಯಾಗುತ್ತದೆ.

ಆದುದರಿಂದ ನಮ್ಮ ಸಲಹಾ ಕೇಂದ್ರಗಳಲ್ಲಿ ಕೂತು ಹೇಳಿಕೆ ಬರೆದುಕೊಳ್ಳುವ ಗೆಳತಿಯರಲ್ಲಿ ಒಂದು ಕೋರಿಕೆ. ಹುಡುಗಿ ಅಳು ನಿಲ್ಲಿಸಿ ನೀರು ಕುಡಿದ ಮೇಲೆ, ‘ಎಷ್ಟು ಕೊಟ್ಟಿರಿ’ ಎಂಬಲ್ಲಿಗೆ ನಿಲ್ಲಿಸಬೇಡಿ. ಯಾವ ನೋಟಿನಲ್ಲಿ, ಎಷ್ಟು ಕಟ್ಟು, ಯಾರು ಎಣಿಸಿದರು, ಯಾವ ದಿನ, ಯಾವ ಕೋಣೆಯಲ್ಲಿ, ಎಣಿಸುವಾಗ ಬಾಗಿಲಲ್ಲಿ ಯಾರು ನಿಂತಿದ್ದರು, ಕಟ್ಟುಗಳನ್ನು ಏತರಲ್ಲಿ ಸುತ್ತಿದ್ದಿರಿ, ಯಾರ ಕೈಯಿಂದ ಯಾರ ಕೈಗೆ ಹೋಯಿತು, ಆ ಮನೆಯವರು ಎಲ್ಲಿ ಇಟ್ಟರು ಎಂದೆಲ್ಲ ಕೇಳಿ, ಒಂದೊಂದನ್ನೂ ಬರೆದುಕೊಳ್ಳಿ. ಅವಳಿಗೆ ಗೊತ್ತಿಲ್ಲದಿದ್ದರೆ ಅವಳ ತಾಯಿಯನ್ನು, ತಂಗಿಯನ್ನು ಕರೆಸಿ. ಅವರಿಗೆ ನೆನಪಿರುತ್ತದೆ. ಚೀಲ ಯಾವ ಬಣ್ಣದ್ದು, ಯಾವ ಜವಳಿ ಅಂಗಡಿಯದು, ಖಾಲಿ ಮಾಡಿದ ಮೇಲೆ ಅದು ಯಾರ ಮನೆಯಲ್ಲಿ ಉಳಿಯಿತು ಎಂಬುದನ್ನೂ ಕೇಳಿ.